ಮೇಡಂ ಮಾಡಿದ ನಾರಿನ ಕುಂಡ

ಹೋದ ವಾರ ಹೊಳೆನರಸೀಪುರದ ಗುಜರಿ ಅಂಗಡಿಯಲ್ಲಿ ಹಳದಿ ಬಣ್ಣದ ಹಳೆಯ ಮಿಕ್ಸಿಯೊಂದು ಕಣ್ಣಿಗೆ ಬಿತ್ತು. ಮೋಟಾರು ಯಾವಾಗಲೋ ಸುಟ್ಟುಹೋಗಿತ್ತು. "ಬಾಡಿ ನೋಡಿ ಸಾ, ಏನೂ ಆಗಿಲ್ಲ," ಎಂದ ಅಂಗಡಿಯವನು. ನನಗೆ ನಗು ಬಂತು. ಆ ಹೊರಮೈಗೆ ಆಕಾರ ಕೊಟ್ಟವರು ನಮ್ಮ ಮೇಡಂ. ಈ ಹೊಗಳಿಕೆ ಕೇಳಿದ್ದರೆ ಮುಖ ಗಂಟು ಹಾಕಿಕೊಳ್ಳುತ್ತಿದ್ದರು.

ಅವರು ಇದೇ ಊರಿನವರು. ಚಿತ್ರಕಲೆ ಓದಿ, ಕಂಪನಿಯೊಂದರಲ್ಲಿ ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಡಿಸೈನ್ ಮಾಡಿ, ಕೊನೆಗೆ ಹಾಸನದ ನಮ್ಮ ಕಾಲೇಜಿಗೆ ಪಾಠ ಹೇಳಲು ಬಂದಿದ್ದರು. ಮೊದಲ ವಾರವಿಡೀ ನಮ್ಮಿಂದ ಬದನೆಕಾಯಿ ಬರೆಸಿದರು. ಎಂಜಿನಿಯರ್ ಆಗಲು ಬಂದವರಿಗೆ ಇದೇನು ಗ್ರಹಚಾರ ಎಂದು ಗೊಣಗಿದೆವು. ತೊಟ್ಟು ಕಾಯನ್ನು ಹಿಡಿದಿರುವ ರೀತಿ ತಲೆಗೆ ಹತ್ತಿದ ಮೇಲೆಯೇ ಮಿಕ್ಸಿ ಜಾರಿನ ಹಿಡಿಕೆಯ ಪಾಠ ಶುರುವಾಯಿತು. ಇವತ್ತಿಗೂ ಬದನೆಕಾಯಿ ಹೆಚ್ಚುವಾಗ ಒಂದು ಗಳಿಗೆ ಸುಮ್ಮನೆ ನೋಡುತ್ತೇನೆ…

ಅವರು ರಿಟೈರ್ ಆಗಲು ಎರಡೇ ವರ್ಷ ಉಳಿದಿತ್ತು. ಒಂದು ದಿನ ವರ್ಕ್‌ಶಾಪಿನಲ್ಲಿ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು: "ನಾನು ಮಾಡಿರೋದೆಲ್ಲ ನಾನು ಹೋದ ಮೇಲೂ ಕಸವಾಗಿ ಬಿದ್ದಿರುತ್ತೆ ಕಣ್ರೋ. ಹೋಗೋದ್ರೊಳಗೆ ಮಣ್ಣಾಗೋ ಅಂಥದ್ದು ಒಂದಾದ್ರೂ ಮಾಡ್ಬೇಕು."

ಹಾಗೆ ಹುಟ್ಟಿದ್ದು ತೆಂಗಿನ ನಾರಿನ ಕುಂಡ. ನರ್ಸರಿಯ ಕಪ್ಪು ಪ್ಲಾಸ್ಟಿಕ್ ಕವರಿನಂತೆ ಹರಿದು ಎಸೆಯಬೇಕಿಲ್ಲ, ಸಸಿಯ ಜೊತೆಗೇ ಗುಂಡಿಗೆ ಇಟ್ಟು ಮುಚ್ಚಬಹುದು. ಚನ್ನರಾಯಪಟ್ಟಣದಿಂದ ನಾರು ತಂದು, ರಬ್ಬರ್ ಹಾಲು ಬೆರೆಸಿ ಅಚ್ಚಿನಲ್ಲಿ ಒತ್ತಿದೆವು. ಮಹಡಿಯಿಂದ ಎಸೆದರೂ ಒಡೆಯಲಿಲ್ಲ. ಮೇಡಂ ಸಮೇತ ಎಲ್ಲರೂ ಚಪ್ಪಾಳೆ ತಟ್ಟಿದೆವು. ಹರದನಹಳ್ಳಿಯ ರೈತರೊಬ್ಬರು ಅದರಲ್ಲಿ ಪರಂಗಿ ಸಸಿ ನೆಟ್ಟರು.

ಕೆಲವು ತಿಂಗಳ ಮೇಲೆ ಆ ರೈತರು ಒಂದು ಕುಂಡವನ್ನು ಅಗೆದು, ಚೀಲದಲ್ಲಿ ಹಾಕಿಕೊಂಡು ಕಾಲೇಜಿಗೇ ಬಂದರು.

"ಮೇಡಮ್ನೋರೇ, ನಿಮ್ ಕುಂಡ ಕಲ್ಲಿದ್ದಂಗೈತೆ. ಗಿಡ ಮಾತ್ರ ಸತ್ತೋಯ್ತು."

ಬೇರು ಹೊರಬರಲಾಗದೆ ಒಳಗೇ ಸುತ್ತಿಕೊಂಡು ಒಣಗಿತ್ತು. ಮೇಡಂ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಜೋರಾಗಿ ನಕ್ಕರು. ಕಣ್ಣಲ್ಲಿ ನೀರಿತ್ತು, ನಗುವಿನದೋ ಏನೋ… "ಗಟ್ಟಿಯಾಗಿ ಮಾಡೋ ಚಾಳಿ ಬಿಡಲಿಲ್ಲ ನೋಡಿ. ಮತ್ತೆ ಮಿಕ್ಸೀನೇ ಮಾಡಿಟ್ಟಿದ್ದೀನಿ," ಎಂದರು. ಇನ್ನೊಂದು ಸಲ ನೆಡುತ್ತೀರಾ ಎಂದು ಕೇಳಿದ್ದಕ್ಕೆ ರೈತರು, "ನೆಟ್ರಾಯ್ತು ಬುಡ್ರವ್ವ," ಎಂದರು.

ಅಂದಿನಿಂದ ವರ್ಕ್‌ಶಾಪಿನ ನ್ಯಾಯವೇ ತಿರುಗಾಮುರುಗಾ ಆಯಿತು. ಗಟ್ಟಿ ಕುಂಡ ತಂದವರಿಗೆ ಬೈಗುಳ, ಚೆನ್ನಾಗಿ ಕೊಳೆತದ್ದಕ್ಕೆ ಅಂಕ. ರಬ್ಬರ್ ಹಾಲು ಬಿಟ್ಟು, ಕಂಬಳಿ ನೇಯುವವರು ಬಳಸುವ ಹುಣಸೆಬೀಜದ ಅಂಟುಗಂಜಿ ಹಿಡಿದೆವು. ನರ್ಸರಿಯಲ್ಲಿ ನೀರು ಹಾಕಿದರೂ ಕುಂಡ ನಿಲ್ಲಬೇಕು, ಹೊಲಕ್ಕೆ ಹೋದ ಮೇಲೆ ಬೇರಿಗೆ ದಾರಿ ಬಿಡಬೇಕು. ಎಷ್ಟೋ ಕುಂಡಗಳು ನಮ್ಮ ಕೈಯಲ್ಲೇ ಕುಸಿದವು. ಮೇಡಂ ಮಾತ್ರ ಬೇಸರಪಡಲಿಲ್ಲ.

ರಿಟೈರ್ ಆಗುವ ತಿಂಗಳು ಹರದನಹಳ್ಳಿಗೆ ಹೋದೆವು. ಹೊಸ ಕುಂಡದಲ್ಲಿ ನೆಟ್ಟ ಪರಂಗಿ ಎದೆಯೆತ್ತರ ಬೆಳೆದು ಕಾಯಿ ಕಚ್ಚಿತ್ತು. ಮೇಡಂ ಸೀರೆಯಲ್ಲೇ ಮಂಡಿಯೂರಿ ಬುಡ ಕೆದಕಿದರು. ಬೇರು ಸಿಕ್ಕಿತು, ಎರೆಹುಳು ಸಿಕ್ಕಿತು, ಕುಂಡ ಸಿಗಲಿಲ್ಲ. ರೈತರು ಗುದ್ದಲಿ ತಂದು ಇನ್ನೊಂದು ಬುಡ ನೋಡಿದರು.

"ಎಲ್ಲೈತ್ರವ್ವ? ಮಾಯ ಆಗ್ಬುಟ್ಟೈತೆ."

ಮೇಡಂ ಮಣ್ಣು ಮೆತ್ತಿದ ಎರಡೂ ಕೈ ಮೇಲೆತ್ತಿ, ಕಬಡ್ಡಿ ಗೆದ್ದ ಹುಡುಗಿಯ ಹಾಗೆ ಬದುವಿನ ಮೇಲೆ ಕುಣಿದೇಬಿಟ್ಟರು. ಅಷ್ಟು ಸಂತೋಷಪಟ್ಟ ಇನ್ನೊಬ್ಬರನ್ನು ನಾನು ನೋಡಿಲ್ಲ.

ಈಗ ಆ ಕುಂಡ ಮಾಡುವುದೇ ನನ್ನ ಕಸುಬು. ಅರಕಲಗೂಡಿನ ನರ್ಸರಿಗಳಿಗೂ ಹೋಗುತ್ತದೆ, ಬೇಡಿಕೆಗೆ ನಮ್ಮ ಶೆಡ್ಡು ಸಾಲುತ್ತಿಲ್ಲ. ಮೇಡಂ ತೀರಿಕೊಂಡು ವರ್ಷವಾಯಿತು. ಮೊನ್ನೆ ಕಾಲೇಜಿನಿಂದ ಫೋನ್ ಬಂತು. ಅವರ ಕೆಲಸಗಳ ಪ್ರದರ್ಶನ ಇಡುತ್ತಾರಂತೆ, ಅವರೇ ಕೈಯಾರೆ ಮಾಡಿದ ಕುಂಡ ಒಂದಿದ್ದರೆ ಕೊಡಬೇಕಂತೆ. ಮನೆ, ಶೆಡ್ಡು ಎಲ್ಲ ಜಾಲಾಡಿದೆ. ಒಂದೂ ಇರಲಿಲ್ಲ. ಅವರ ಕೈ ಮುಟ್ಟಿದ್ದು ಒಂದಾದರೂ ಇರಬಾರದಿತ್ತೇ ಎಂದು ಸಂಕಟವಾಯಿತು… ಆಮೇಲೆ ಕಾಲೇಜಿಗೆ ಫೋನ್ ಮಾಡಿದೆ.

"ಇಲ್ಲ ಸರ್. ಎಲ್ಲಾ ಮಣ್ಣಾಗಿವೆ."

ಇಷ್ಟು ಹೆಮ್ಮೆಯಿಂದ ನಾನು ಯಾರಿಗೂ "ಇಲ್ಲ" ಎಂದವನಲ್ಲ.