ಎಮ್ಮೆಯ ರಕ್ತ ತೆಗೆದ ಡಾಕ್ಟ್ರಮ್ಮ

ಕೇಳಿ ಗೆಳೆಯರೇ, ಇವತ್ತು ಕ್ಯಾಲನೂರಿನಲ್ಲಿ ಮೊದಲಿಗೆ ನನ್ನನ್ನು ಒಂದು ಎಮ್ಮೆಯ ಹತ್ತಿರಕ್ಕೇ ಬಿಡಲಿಲ್ಲ. ಮುನಿಯಮ್ಮನವರ ಎಮ್ಮೆ ನಿನ್ನೆ ಕರು ಹಾಕಿತ್ತು. ಬೆಳಿಗ್ಗೆ ನಾನು ಹೋದಾಗ ಏಳಲಾರದೆ, ಕುತ್ತಿಗೆ ಪಕ್ಕಕ್ಕೆ ತಿರುಗಿಸಿಕೊಂಡು ಬಿದ್ದಿತ್ತು. ಕಿವಿ ತಣ್ಣಗಿತ್ತು. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಎಲ್ಲ ಹಾಲಿಗಿಳಿದು ರಕ್ತದಲ್ಲಿ ಕಡಿಮೆಯಾಗಿದೆ ಎಂದು ನೋಡಿದ ಕೂಡಲೇ ಅನ್ನಿಸಿತು.

ಔಷಧಿ ಕೊಡುವ ಮೊದಲೇ ಪರೀಕ್ಷೆಗೆ ರಕ್ತ ತೆಗೆಯಬೇಕು. ಆಮೇಲೆ ತೆಗೆದರೆ ಪ್ರಯೋಜನವಿಲ್ಲ. ಕುದಿಸಿದ ಗಾಜಿನ ಸಿರಿಂಜು ಕೈಗೆತ್ತಿಕೊಂಡದ್ದೇ ತಡ, ಮುನಿಯಮ್ಮ ಅಡ್ಡ ನಿಂತರು.

“ಅಯ್ಯೋ ದೇವುಡಾ! ಸಾಯ್ತಾ ಬಿದ್ದಿರೋದ್ರ ರಕ್ತ ತೆಗೀತೀಯಾ? ಬೇಕಾದ್ರೆ ನಂದು ತಗೋ ಡಾಕ್ಟ್ರಮ್ಮಾ!”

“ನಿಮ್ಮ ರಕ್ತ ನೋಡಿದ್ರೆ ಎಮ್ಮೆ ಕಾಯಿಲೆ ಗೊತ್ತಾಗಲ್ಲ ಕಣಮ್ಮಾ. ಸರ್ಕೊಳ್ಳಿ, ನಾನು ಎಬ್ಬಿಸ್ತೀನಿ,” ಎಂದೆ. ಅವರು ಗೊಣಗುತ್ತಲೇ ಸರಿದರು.

ರಕ್ತ ತೆಗೆದು, ಕ್ಯಾಲ್ಸಿಯಂ ಔಷಧಿಯನ್ನು ನಿಧಾನವಾಗಿ ಕುತ್ತಿಗೆಯ ರಕ್ತನಾಳಕ್ಕೆ ಹರಿಸಿದೆ. ಬಾಟಲಿ ಮುಗಿಯುವ ಹೊತ್ತಿಗೆ ಎಮ್ಮೆ ನಡುಗಿತು, ತೇಗಿತು, ಸಗಣಿ ಹಾಕಿತು. ಸ್ವಲ್ಪ ಹೊತ್ತಿಗೆ ಎದ್ದು ನಿಂತು ಕರುವನ್ನು ಹುಡುಕಿತು. ಮುನಿಯಮ್ಮ ಅದರ ಕೊರಳು ತಬ್ಬಿಕೊಂಡು ಅತ್ತರು. ನನಗೂ ಕಣ್ಣು ತುಂಬಿತು.

ಮರುಕ್ಷಣವೇ ಅವರು ಬೇಲಿಯಾಚೆಗೆ ಕೂಗಿದರು: “ಲೇ ಯಲ್ಲಮ್ಮಾ, ಡಾಕ್ಟ್ರಮ್ಮ ಕೆಟ್ಟ ರಕ್ತ ತೆಗೆದ್ಲು, ಎಮ್ಮೆ ಎದ್ಬಿಡ್ತು ಕಣೇ!”

ಎಬ್ಬಿಸಿದ್ದು ಕ್ಯಾಲ್ಸಿಯಂ ಎಂದು ಎಷ್ಟು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೀದಿಯವರೆಲ್ಲ ತಮ್ಮ ಗಟ್ಟಿಮುಟ್ಟಾದ ಎಮ್ಮೆಗಳನ್ನು ಹಿಡಿದು ತಂದು, “ನಮ್ದಕ್ಕೂ ಒಸಿ ತೆಗೀರಿ” ಎಂದು ಸಾಲಾಗಿ ನಿಲ್ಲಿಸಿದರು. ಈ ಕಾಯಿಲೆಯ ಅಧ್ಯಯನಕ್ಕೆ, ಕಾಯಿಲೆ ಬಿದ್ದವುಗಳ ರಕ್ತದ ಜೊತೆ ಹೋಲಿಸಿ ನೋಡಲು ಆರೋಗ್ಯವಾಗಿರುವ ಎಮ್ಮೆಗಳ ರಕ್ತ ಸಿಗದೆ ಒದ್ದಾಡುತ್ತಿದ್ದವಳು ನಾನು. ವಾದ ನಿಲ್ಲಿಸಿ, ಸಿರಿಂಜನ್ನು ಮತ್ತೆ ಕುದಿಯಲು ಇಟ್ಟೆ.