ಕೆಂಪು, ಹಸಿರು ಮತ್ತು ನಾಗೇಶ

ಸೀರೆ ಅಂಗಡಿಯಲ್ಲಿ ಅರ್ಧ ದಿನ ಕೂತು ಕೊನೆಗೆ ಮತ್ತೆ ಅದೇ ನೀಲಿ ಸೀರೆ ಹಿಡಿದುಕೊಂಡು ಬರುವವಳು ನಾನು. ಇಂಥವಳಿಗೆ ಕಬ್ಬಿಣಕ್ಕೆ ಬಣ್ಣ ಹಚ್ಚುವ ಕೆಲಸ ಸಿಕ್ಕಿತೆಂದು ಮನೆಯವರಿಗೆಲ್ಲ ನಗು. ನಿಜವಾದ ಕಬ್ಬಿಣವಲ್ಲ, ಕಂಪ್ಯೂಟರ್ ಪರದೆಯ ಮೇಲಿನದು. ಕಾರವಾರದ ಒಂದು ಬೇಕರಿಯ ಮಾಳಿಗೆಯಲ್ಲಿ ನಾವು ನಾಲ್ಕು ಜನ, ಮೀನಿನ ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳನ್ನು ನಕ್ಷೆ ಬಿಡಿಸುವ ಕ್ಯಾಡ್ ತಂತ್ರಾಂಶದಲ್ಲಿ ಜೋಡಿಸುತ್ತಿದ್ದೆವು. ಒಂದೊಂದು ಯಂತ್ರಕ್ಕೂ ಸಾವಿರಾರು ಬಿಡಿಭಾಗ. ಎಲ್ಲವನ್ನೂ ಒಟ್ಟಿಗೆ ತೆರೆದರೆ ಆಗಿನ ಕಂಪ್ಯೂಟರು ಉಸಿರುಗಟ್ಟಿ ನಿಂತುಬಿಡುತ್ತಿತ್ತು. ಕೆಳಗೆ ಹೋಗಿ ಚಹಾ ಕುಡಿದು ಬಂದರೂ ಕದಲುತ್ತಿರಲಿಲ್ಲ.

ಅದಕ್ಕೇ ಸದ್ಯಕ್ಕೆ ಬೇಡದ ಭಾಗವನ್ನು ‘ಹೈಡ್’ ಮಾಡುತ್ತಿದ್ದೆವು. ಅದು ಕಣ್ಣಿಗಷ್ಟೇ ಮರೆ. ‘ಸಪ್ರೆಸ್’ ಮಾಡಿದರೆ ಆ ಭಾಗ ಲೆಕ್ಕಕ್ಕೇ ಇಲ್ಲ. ತೂಕಕ್ಕೂ ಬರುವುದಿಲ್ಲ, ನಕ್ಷೆಗೂ ಬರುವುದಿಲ್ಲ. ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬೇಕು ಎಂದು ತಿಳಿಯಲು ಬಣ್ಣ: ಒಪ್ಪಿಗೆಯಾದದ್ದು ಹಸಿರು, ರದ್ದಾದದ್ದು ಕೆಂಪು. ಬಣ್ಣ ಇರುವುದು ವಸ್ತುವಿನಲ್ಲೋ ನೋಡುವವನ ಕಣ್ಣಿನಲ್ಲೋ ಎಂದು ತರ್ಕದ ಪಂಡಿತರು ಬಹಳ ಜಗಳ ಮಾಡಿದ್ದಾರಂತೆ. ನಮ್ಮಲ್ಲಿ ಅದು ಮಾಲಕರ ಬಾಯಲ್ಲಿತ್ತು. ಅವರು ಹೇಳಿದ್ದೇ ಬಣ್ಣ.

ನನ್ನ ಪಕ್ಕದ ಕುರ್ಚಿಯ ನಾಗೇಶ ಅಂಕೋಲೆ ಕಡೆಯ ಬೆಳಂಬಾರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಕೆಲಸದಲ್ಲಿ ಚುರುಕು. ಆದರೆ ಒಂದೊಂದು ಭಾಗವನ್ನೂ ಮರೆಮಾಡಿ, ಮತ್ತೆ ತೋರಿಸಿ, ಹೆಸರು ಓದಿ ನೋಡುತ್ತಿದ್ದ. ಯಾಕೆಂದು ಕೇಳಿದಾಗ ದನಿ ತಗ್ಗಿಸಿ ಹೇಳಿದ: “ಅಕ್ಕಾ, ನಂಗೆ ಕೆಂಪು, ಹಸಿರು ಎರಡೂ ಒಂದೇ ಕಾಣ್ತದೆ. ಕೆಸರಿನ ಹಾಂಗೆ. ಯಾರಿಗೂ ಹೇಳ್ಬೇಡಿ.”

ನಾನು ಹೇಳಲಿಲ್ಲ. ಅವನು ನನ್ನ ಕಡೆ ತಿರುಗಿದಾಗಲೆಲ್ಲ ಬಣ್ಣದ ಹೆಸರನ್ನು ಮೆಲ್ಲಗೆ ಉಸುರುತ್ತಿದ್ದೆ. ಹಾಗೇ ಎರಡು ವರ್ಷ ನಡೆಯಿತು.

ಒಂದು ದಿನ ನಾನು ಜ್ವರ ಬಂದು ಮನೆಯಲ್ಲಿದ್ದೆ. ಮಾಲಕರು ಗೋವಾದಿಂದ ಅವನಿಗೆ ಫೋನ್ ಮಾಡಿ, ಕೆಂಪು ಭಾಗಗಳನ್ನೆಲ್ಲ ಸಪ್ರೆಸ್ ಮಾಡಿ ನಕ್ಷೆಯನ್ನು ಕೂಡಲೇ ಗಿರಾಕಿಗೆ ಕಳಿಸು ಎಂದರು. ನಾಗೇಶ ಯಾರನ್ನೂ ಕೇಳಲಾರದೆ ಅಂದಾಜಿನ ಮೇಲೆ ಮಾಡಿದ. ಗಿರಾಕಿಗೆ ತಲುಪಿದ ನಕ್ಷೆಯಲ್ಲಿ ಯಂತ್ರಕ್ಕೆ ಕಾಲುಗಳೇ ಇರಲಿಲ್ಲ. ಮೀನು ಸಾಗಿಸುವ ಪಟ್ಟಿ ಗಾಳಿಯಲ್ಲಿ ತೇಲುತ್ತಿತ್ತು. ಅವರು ನಕ್ಕರಂತೆ. ನಕ್ಕು, ಮುಂದಿನ ಕೆಲಸವನ್ನು ಬೇರೆಯವರಿಗೆ ಕೊಟ್ಟರು.

ನಾನು ಕೆಲಸಕ್ಕೆ ಮರಳಿದ ದಿನ ಮಾಲಕರು ಎಲ್ಲರೆದುರು ಅವನನ್ನು ಪರದೆಯ ಮುಂದೆ ಕೂರಿಸಿದರು.

“ಇದು ಯಾವ ಬಣ್ಣ?”

“ಕೆಂಪು.”

“ಇದು?”

ನಾಗೇಶ ನನ್ನ ಕಡೆ ತಿರುಗಿದ. ನಡುವೆ ಮಾಲಕರು ನಿಂತಿದ್ದರು. “ಹಸಿರು,” ಎಂದ. ಎರಡೂ ಕೆಂಪೇ. ಹಿಂದಿನ ಕುರ್ಚಿಯಿಂದ ಯಾರೋ ಕಿಸಕ್ಕೆಂದರು. ಮಾಲಕರು ನಗಲಿಲ್ಲ. “ಅರೇ, ಕಣ್ಣೇ ಸರಿ ಇಲ್ದವನನ್ನ ಇಟ್ಕಂಡು ನಾ ಎಂತ ಮಾಡುದು?”

“ಬಣ್ಣದ ಬದಲು ಹೆಸರಿನ ಮುಂದೆ ಒಂದು ಅಕ್ಷರ ಹಾಕಿದ್ರೆ ಸಾಕು, ಸರ್,” ಎಂದೆ.

“ಒಬ್ಬನ ಸಲುವಾಗಿ ಎಲ್ಲಾ ಬದಲ್ಸುದಾ?”

ನಾಗೇಶ ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಕೆಲವು ವಾರಗಳ ಮೇಲೆ ಬೆಳಂಬಾರಕ್ಕೆ ಹೋದೆ. ಅವನಿಗೆ ಅಂಕೋಲೆಯ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಸಿಕ್ಕಿತ್ತು. “ಅಲ್ಲಿ ಎಲ್ಲಾ ಕಪ್ಪು ಬಿಳುಪು, ಅಕ್ಕಾ,” ಎಂದು ನಗಲು ನೋಡಿದ. ಸುದ್ದಿ ಅಷ್ಟರಲ್ಲಿ ಅವನಿಗೆ ಹೆಣ್ಣು ಗೊತ್ತಾಗಿದ್ದ ಕದ್ರಾದವರೆಗೂ ಹೋಗಿತ್ತು. ಅಲ್ಲಿಯ ಹುಡುಗಿಯ ಮನೆಯವರು, ಹುಡುಗನಿಗೆ ಕಣ್ಣೇ ಕಾಣುವುದಿಲ್ಲವಂತೆ ಎಂದು ನಿಶ್ಚಯವಾಗಿದ್ದ ಮದುವೆಯನ್ನು ಮುರಿದಿದ್ದರು.

ಅವನ ತಾಯಿ ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತರು. “ಡಾಕ್ಟ್ರು ಹೇಳಿದ್ರು, ಇದು ತಾಯಿ ಕಡಿಂದ ಬರ್ತದಂತೆ. ನನ್ನ ಅಪ್ಪಂದು. ನಾನೇ ಹೊತ್ಕಂಡು ಬಂದು ಇವ್ನಿಗೆ ಕೊಟ್ಟೆ. ನಂಗೆ ಮಾತ್ರ ಎಲ್ಲಾ ಬಣ್ಣನೂ ಕಾಣ್ತದೆ, ತಂಗಿ.” ಒಳಗೆ ಹೆರಿಗೆಗೆಂದು ತವರಿಗೆ ಬಂದಿದ್ದ ಮಗಳು ಮಲಗಿದ್ದಳು. ಆಕೆಯ ಕಡೆ ನೋಡಿ ತಾಯಿ ದನಿ ಇಳಿಸಿದರು. “ಇವ್ಳಿಗೆ ಗಂಡಾದ್ರೆ ಅದಕ್ಕೂ ಬರ್ತದ್ಯಾ? ನೀ ಓದಿದವ್ಳು, ಹೇಳು.”

ಬರಬಹುದು ಎಂದು ನನಗೆ ಗೊತ್ತಿತ್ತು. “ಇಲ್ಲಮ್ಮಾ, ಬರುದಿಲ್ಲ,” ಎಂದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಚಹಾ ಇಡಲು ಎದ್ದರು.

ಬಸ್ಸಿಗೆ ಕಾಯುವಾಗ ನಾಗೇಶ ಹೇಳಿದ: “ನಾನೂ ಅದೇ ಸುಳ್ಳು ಹೇಳಿದ್ದೆ, ಅಕ್ಕಾ. ನನ್ನ ಮಾತು ಅಮ್ಮ ನಂಬ್ಲಿಲ್ಲ.”

ಮಗು ಗಂಡೇ ಆಯಿತು. ಅದು ಮಾತು ಕಲಿತ ಮೇಲೆ ಒಂದು ದಿನ ನಾಗೇಶನ ಫೋನ್ ಬಂತು. “ಅವ್ನಿಗೆ ಬಣ್ಣದ ಪೆನ್ಸಿಲ್ ತಂದು ಕೊಟ್ಟೆ, ಅಕ್ಕಾ. ಒಂದೊಂದೇ ಎತ್ತಿ ಹೆಸ್ರು ಹೇಳ್ತಾನೆ. ಸರಿ ಹೇಳ್ತಾನೋ ತಪ್ಪು ಹೇಳ್ತಾನೋ ನಂಗೆ ಗೊತ್ತಾಗುದಿಲ್ಲ. ಅಮ್ಮನ ಕೇಳುಕೆ ಧೈರ್ಯ ಇಲ್ಲ.”

ಕೇಳಬೇಡ ಎಂದೆ. ಆನೆಗೆ ಹಸಿರು ಬಳಿದರೂ, ಎಲೆಗೆ ಕೆಂಪು ಬಳಿದರೂ ಯಾರೂ ಕೆಲಸದಿಂದ ತೆಗೆಯದ ವಯಸ್ಸು ಅದು. ಇರುವಷ್ಟು ದಿನ ಇರಲಿ.