ಗೇಟಿನ ತನಕದ ಗಿರಾಕಿ

ಮೆಹಂದಿಯಿಂದ ಸದಾ ಕಿತ್ತಳೆ ಬಣ್ಣಕ್ಕೆ ತಿರುಗಿರುತ್ತಿದ್ದ ಬೆರಳುಗಳಲ್ಲಿ ಜೋಳದ ರೊಟ್ಟಿ ಮುರಿದು, ಶೇಂಗಾ ಹಿಂಡಿ ಸವರಿ, ಆಪಾ ನನ್ನ ಮಗಳ ಬಾಯಿಗಿಡುತ್ತಿದ್ದರು. ಹೈಸ್ಕೂಲಿಗೆ ಹೋಗುವ ಹುಡುಗಿ ಕೂಸಿನ ಹಾಗೆ ಬಾಯಿ ತೆರೆಯುತ್ತಿದ್ದಳು. ನಾನು ಮಾಡಿದ ಉಪ್ಪಿಟ್ಟು ಮಾತ್ರ ತಟ್ಟೆಯಲ್ಲೇ ಆರುತ್ತಿತ್ತು. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ.

ಪರದೇಶದ ಪುಚೊಂಗ್ ಪಟ್ಟಣದ ನಮ್ಮ ಕಾಂಡೋದಲ್ಲಿ ಅವರದು ಎದುರು ಮನೆ, ಊರು ಹುಬ್ಬಳ್ಳಿ. ನನಗೆ ಅವರು ಆಪಾ, ಅಂದರೆ ಅಕ್ಕ; ಮಗಳಿಗೆ ಖಾಲಾ, ದೊಡ್ಡಮ್ಮ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಇವಳು ಅವರ ಹತ್ತಿರ ಹುಬ್ಬಳ್ಳಿ ಕನ್ನಡದಲ್ಲಿ ಹರಟುತ್ತಿದ್ದಳು.

ಇದೇ ದೇಶದ, ಕಡಲಾಚೆಯ ಸಬಾ ರಾಜ್ಯದಲ್ಲಿ ಎಂದೋ ಆರಿಹೋದ ಜ್ವಾಲಾಮುಖಿ ಬೆಟ್ಟಗಳ ರಾಷ್ಟ್ರೀಯ ಉದ್ಯಾನವಿದೆ. ಅಲ್ಲೊಂದು ಚಾರಣದ ದಾರಿ ಮಳೆಗೆ ಮುಚ್ಚಿ ಮತ್ತೆ ತೆರೆಯುತ್ತದೆ. ಮಗಳನ್ನು ಅಲ್ಲಿಗೆ ಕರೆದೊಯ್ದು, ಎರಡು ದಿನವಾದರೂ ಅವಳನ್ನು ನನ್ನವಳಾಗಿಸಿಕೊಳ್ಳಬೇಕೆಂದು ರಜೆ ಹಾಕಿದೆ. ಖಾಲಾ ಬಂದರೆ ಮಾತ್ರ ಬರುತ್ತೇನೆಂದಳು. ಆಪಾ ನಕ್ಕರು.

"ನನ್ನ ಮೊಣಕಾಲು ಮಾತು ಕೇಳಂಗಿಲ್ರಿ. ನಾ ಗೇಟಿನ ತನಕದ ಗಿರಾಕಿ."

ಸಬಾದ ತವಾವ್ ವಿಮಾನ ನಿಲ್ದಾಣದಿಂದ ಬಾಡಿಗೆ ಕಾರಿನಲ್ಲಿ ಹೊರಟೆವು. ತಾಳೆ ತೋಟಗಳ ನಡುವಿನ ರಸ್ತೆಯುದ್ದಕ್ಕೂ ಅವರಿಬ್ಬರೂ ಹಿಂದಿನ ಸೀಟಿನಲ್ಲಿ ತಲೆಗೆ ತಲೆ ತಾಗಿಸಿ ನಗುತ್ತಿದ್ದರು. ನಾನು ಬರಿಯ ಡ್ರೈವರ್. ಆಪಾರನ್ನು ಅಲ್ಲೇ ಇಳಿಸಿ ಹೋಗಿಬಿಡಬೇಕೆನಿಸಿದ್ದು ನಿಜ.

ಗೇಟಿನ ಬಳಿ ಆಪಾ ಬೆಂಚಿನ ಮೇಲೆ ಕೂತರು. ಮಗಳೂ ಅವರ ಪಕ್ಕ ಕೂತು, ತಾನೂ ಇಲ್ಲೇ ಇರುತ್ತೇನೆ ಎಂದು ಇಂಗ್ಲಿಷಿನಲ್ಲಿ ನನಗೆ ಹೇಳಿದಳು. ನನಗೆ ಅಳು ಬಂತು. ಬೆನ್ನುಚೀಲದ ಪಟ್ಟಿ ಬಿಗಿಯುವ ನೆಪದಲ್ಲಿ ತಿರುಗಿ ನಿಂತೆ.

ಆಪಾ ಅವಳ ಬೆನ್ನಿಗೊಂದು ಗುದ್ದು ಕೊಟ್ಟರು. "ಏಳ. ನಿಮ್ಮವ್ವ ಒಬ್ಬಾಕಿನ ಹತ್ತಬೇಕೇನು? ಸುಸ್ತಾದ್ರ ಕೈ ಹಿಡಿ."

ಎದ್ದು ಬಂದಳು. ನನ್ನ ಮಗಳು ನನ್ನ ಜೊತೆ ಬರಲು ಅವರ ಅಪ್ಪಣೆ ಬೇಕಾಯಿತಲ್ಲ ಎಂದು ದಾರಿಯುದ್ದಕ್ಕೂ ಕುದಿದೆ. ಅವಳು ನನ್ನ ಕೈ ಹಿಡಿಯಲಿಲ್ಲ.

ಹೋದ ವರ್ಷ ಆಪಾ ತೀರಿಕೊಂಡರು. ಈ ಸಲ ದಾರಿ ತೆರೆದಾಗ, ಹೋಗೋಣ ಎಂದವಳು ಮಗಳೇ. ಕಾರಿನಲ್ಲಿ ನನ್ನ ಪಕ್ಕದ ಸೀಟಿನಲ್ಲೇ ಕೂತಳು. ಗೇಟಿನ ಹತ್ತಿರ ಆ ಬೆಂಚು ಖಾಲಿಯಿತ್ತು. ಅದನ್ನೇ ಸ್ವಲ್ಪ ಹೊತ್ತು ನೋಡುತ್ತಿದ್ದು, ನನ್ನ ಕಡೆ ತಿರುಗಿದಳು.

"ಸುಸ್ತಾದ್ರ ಹೇಳವ್ವಾ. ಕೈ ಹಿಡೀತೀನಿ."

ನನ್ನ ತುಮಕೂರಿನ ಕನ್ನಡವಲ್ಲ ಅದು. 'ಅಮ್ಮ' ಕೂಡ ಅಲ್ಲ. ಆಗಲೂ ಹೊಟ್ಟೆ ಉರಿಯಿತು. ಇನ್ನೂ ಒಂದು ಹೆಜ್ಜೆಯನ್ನೂ ಹತ್ತಿರಲಿಲ್ಲ, ಆದರೂ ಸುಸ್ತಾಗಿದೆ ಎಂದು ಕೈ ಚಾಚಿದೆ.